ಬೋಳುನೆತ್ತಿಯ ಪಂಚಾಯ್ತಿ

ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳನ್ನು ರಸ್ತೆಯಲ್ಲಿ ನಿಂತು ಕತ್ತೆತ್ತಿ ನೋಡಿದರೆ, ನಮ್ಮ ಜನಕ್ಕೆ ಹಕ್ಕಿ ಬೇಕೋ ಬೇಡವೋ ಎಂಬುದು ಸುಲಭಕ್ಕೆ ಬಗೆಹರಿಯುವುದಿಲ್ಲ. ಪಾರಿವಾಳ ಒಳಗೆ ಬರಬಾರದೆಂದು ಕೆಳಗಿನ ಮಹಡಿಯಿಂದ ಮೇಲಿನ ಮಹಡಿಯವರೆಗೆ ನೈಲಾನ್ ಬಲೆ. ಆ ಬಲೆಯ ಒಳಗೇ, ಬಟ್ಟೆ ಒಣಹಾಕುವ ಸ್ಟ್ಯಾಂಡಿಗೂ ವಾಷಿಂಗ್ ಮೆಷಿನ್ನಿಗೂ ನಡುವೆ, ಹಕ್ಕಿ ಹೊರಗೆ ಹೋಗಬಾರದೆಂದು ಒಂದು ಪಂಜರ. ಪುಕ್ಕಟೆ ಬರುವ ಹಕ್ಕಿಯನ್ನು ತಡೆಯಲು ಚದರಡಿ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ. ದುಡ್ಡು ಕೊಟ್ಟು ತಂದ ಹಕ್ಕಿಯನ್ನು ಉಳಿಸಿಕೊಳ್ಳಲು ಮತ್ತೆ ದುಡ್ಡು ಕೊಡುತ್ತೇವೆ. ಎದುರು ಬ್ಲಾಕಿನ ಏಸಿ ಪೆಟ್ಟಿಗೆಯ ಮೇಲೆ ಕೂತ ಪಾರಿವಾಳಗಳು ಈ ವ್ಯವಹಾರವನ್ನೆಲ್ಲ ನೋಡುತ್ತ ಗುಟುರು ಹಾಕುತ್ತಿರುತ್ತವೆ.

ನಮ್ಮ ಮನೆಗೆ ಪಂಜರ ಬಂದದ್ದು ರಾಜಿಯ ಮೇಲೆ. ಮೊಮ್ಮಗಳಿಗೆ ನಾಯಿ ಬೇಕಿತ್ತು. ಸೊಸೆಗೆ ಏನೂ ಬೇಡವಾಗಿತ್ತು. ನಾಯಿಯನ್ನು ಯಾವ ಲಿಫ್ಟಿನಲ್ಲಿ ಇಳಿಸಬೇಕು ಎಂಬ ಬಗ್ಗೆ ನಮ್ಮ ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ಶುರುವಾದ ಚರ್ಚೆ ಇನ್ನೂ ಮುಗಿದಿರಲಿಲ್ಲ. ಬೊಗಳದ, ಕಚ್ಚದ, ಲಿಫ್ಟ್ ಹತ್ತದ ಪ್ರಾಣಿ ಯಾವುದೆಂದು ಮಗ ಲ್ಯಾಪ್‌ಟಾಪಿನಲ್ಲಿ ಹುಡುಕಿ, ‘ಫಿಂಚ್’ ಅಂದ. ಶಾಂತ ಸ್ವಭಾವ, ಆರಂಭದವರಿಗೆ ಹೇಳಿ ಮಾಡಿಸಿದ್ದು, ಗುಂಪಿನಲ್ಲಿ ಬಾಳುವ ಹಕ್ಕಿ ಎಂದೆಲ್ಲ ಓದಿ ಹೇಳಿದ. ವರಾನ್ವೇಷಣೆಯ ಕಾಲದಲ್ಲಿ ಇಂಥ ಗುಣವರ್ಣನೆಗಳನ್ನು ಬೇಕಾದಷ್ಟು ಕೇಳಿದ್ದ ನನ್ನಾಕೆ ಏನೂ ಮಾತಾಡಲಿಲ್ಲ.

ಹೀಗೆ ಎರಡು ಜೊತೆ ಜೀಬ್ರಾ ಫಿಂಚುಗಳು ಬಂದವು. ಇವು ನಮ್ಮ ರಾಟವಾಳಗಳ ದಾಯಾದಿಗಳು, ಆಸ್ಟ್ರೇಲಿಯಾದ ಒಣ ಬಯಲಿನವು. ಒಂದು ಕಾಲಕ್ಕೆ ಹಕ್ಕಿ ಅಂಗಡಿಗಳಲ್ಲಿ ಗದ್ದೆಬಯಲಿನ ರಾಟವಾಳಗಳನ್ನೇ ಹಿಡಿದು ತಂದು ಮಾರುತ್ತಿದ್ದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1990ರ ದಶಕದ ಆರಂಭದಲ್ಲಿ ದೇಶಿ ಹಕ್ಕಿಗಳ ವ್ಯಾಪಾರಕ್ಕೇ ತಡೆ ಬಿತ್ತು. ಈಗ ರಾಟವಾಳ ಸಾಕಿದರೆ ಅಪರಾಧ, ಜೀಬ್ರಾ ಫಿಂಚ್ ಸಾಕಿದರೆ ಹವ್ಯಾಸ. ಆಸ್ಟ್ರೇಲಿಯಾ ಕೂಡ 1960ರ ಸುಮಾರಿಗೇ ತನ್ನ ಕಾಡುಹಕ್ಕಿಗಳ ರಫ್ತನ್ನು ನಿಲ್ಲಿಸಿತು. ಹಾಗಾಗಿ ನಮ್ಮ ಬಾಲ್ಕನಿಯ ಫಿಂಚುಗಳ ಮುತ್ತಜ್ಜನ ಮುತ್ತಜ್ಜನೂ ಆ ದೇಶದ ಮುಖ ಕಂಡವನಲ್ಲ. ಮಗನ ಆಫೀಸಿನ ಎಷ್ಟೋ ಹುಡುಗರು ಅದೇ ದೇಶದ ವೀಸಾಕ್ಕೆ ಕಾದು ಕೂತಿದ್ದಾರೆ. ಆ ದೇಶದ ಸಂತಾನ ಇಲ್ಲಿ ಕೂತು ನವಣೆ ತಿನ್ನುತ್ತಿದೆ.

ನವಣೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಫಿಂಚಿನ ಮುಖ್ಯ ಆಹಾರ ನವಣೆ. ಸಕ್ಕರೆ ಕಾಯಿಲೆಯಿಂದಾಗಿ ನನ್ನ ಮುಖ್ಯ ಆಹಾರವೂ ಅದೇ. ಸಿರಿಧಾನ್ಯ ಎಂಬ ಗೌರವದ ಹೆಸರು ಬಂದ ಮೇಲೆ ಅದರ ಬೆಲೆಗೂ ಗೌರವ ಬಂದಿದೆ. ಅವು ಸಿಪ್ಪೆ ಬಿಡಿಸಿಕೊಂಡು ತಿನ್ನುತ್ತವೆ, ನನಗೆ ಸಿಪ್ಪೆ ತೆಗೆದದ್ದು ಸಿಗುತ್ತದೆ, ವ್ಯತ್ಯಾಸ ಇಷ್ಟೇ. ತಿಂದಾದ ಮೇಲೆ ಅವು ಹಾಡುತ್ತವೆ ಎಂದು ನನ್ನಾಕೆ ನೆನಪಿಸುವುದುಂಟು.

ಹಾಡುವುದು ಗಂಡು ಮಾತ್ರ. ಜಾತ್ರೆಯ ಪೀಪಿಯ ದನಿ; ಅದನ್ನೇ ದಿನವಿಡೀ, ಒಂದೇ ಧಾಟಿಯಲ್ಲಿ. ಮರಿಗಂಡು ಅದನ್ನು ಅಪ್ಪನಿಂದ ಕೇಳಿ, ತೊದಲಿ, ತಿದ್ದಿಕೊಂಡು ಕಲಿಯುತ್ತದೆ. ಮಗು ಮಾತು ಕಲಿಯುವ ಬಗೆಗೆ ಇದು ತೀರ ಹತ್ತಿರ ಎಂದು ವಿಜ್ಞಾನಿಗಳು ದಶಕಗಳಿಂದ ಈ ಹಕ್ಕಿಯ ಬೆನ್ನು ಬಿದ್ದಿದ್ದಾರೆ. 2004ರಲ್ಲಿ ಕೋಳಿಯ ವಂಶವಾಹಿಗಳ ನಕ್ಷೆ ಬಂದರೆ, ಹಕ್ಕಿಗಳ ಪೈಕಿ ಎರಡನೆಯ ಸರದಿ 2010ರಲ್ಲಿ ಇದರದ್ದೇ. 10 ಸೆಂಟಿಮೀಟರ್ ಉದ್ದ, 12 ಗ್ರಾಂ ಆಸುಪಾಸಿನ ತೂಕ. ಗಂಡಿಗೆ ಕೆಂಪು ಕೊಕ್ಕು, ಕಿತ್ತಳೆ ಕೆನ್ನೆ, ಪಕ್ಕೆಯಲ್ಲಿ ಕಂದು ಬಣ್ಣದ ಮೇಲೆ ಬಿಳಿ ಚುಕ್ಕಿ. ಹೆಣ್ಣು ಬೂದು ಸೀರೆಯ ಸರಳ ಗೃಹಿಣಿ. ಸದಾ ಹಾರಾಡಿ ಕೂಗಾಡುವ ಗಂಡಿಗೆ ಮೊಮ್ಮಗಳು ‘ರಾಕಿ’ ಎಂದು ಹೆಸರಿಟ್ಟಳು; ಮೂಲೆಯಲ್ಲಿ ಕಣ್ಣು ಅರೆಮುಚ್ಚಿ ಕೂರುವ ಇನ್ನೊಂದಕ್ಕೆ ನಾನು ‘ಸಾಧು’ ಎಂದಿಟ್ಟೆ. ರಾಕಿಯ ಹೆಂಡತಿ ಚಿನ್ನಿ, ಸಾಧುವಿನ ಹೆಂಡತಿ ಬೆಳ್ಳಿ.

ಮೇ ತಿಂಗಳ ಮಳೆ ಹಿಡಿದ ಮೇಲೆ ಚಿನ್ನಿಯ ನೆತ್ತಿ ಬೋಳಾಯಿತು. ಮೊದಲು ಕತ್ತಿನ ಹಿಂದೆ ಒಂದು ಬಿಳಿ ಮಚ್ಚೆ; ಆಮೇಲೆ ಅದು ಮುಂದಕ್ಕೆ ಹಬ್ಬುತ್ತ ನೆತ್ತಿಯವರೆಗೆ ಬಂತು. ಗುಲಾಬಿ ಚರ್ಮದ ಮೇಲೆ ಅಲ್ಲೊಂದು ಇಲ್ಲೊಂದು ಗರಿಯ ಬುಡ. ‘ತಾತಾ, ನಿನ್ನ ತಲೇನ ಯಾರು ಕುಕ್ಕಿದ್ದು?’ ಎಂದು ಮೊಮ್ಮಗಳು ಕೇಳಿದಳು. ‘ನಾನಂತೂ ಅಲ್ಲ’ ಎಂದು ಅಡುಗೆಮನೆಯಿಂದ ತಕ್ಷಣ ಉತ್ತರ ಬಂತು.

ಪಂಚಾಯ್ತಿ ಸೇರಿತು. ದೃಷ್ಟಿಯಾಗಿದೆ, ಪಕ್ಕದ ಮನೆಯವರು ಬಂದು ‘ಎಷ್ಟು ಮುದ್ದಾಗಿದೆ’ ಎಂದು ಹೋದ ದಿನದಿಂದಲೇ ಹೀಗೆ ಎಂಬುದು ಮನೆಗೆಲಸದಾಕೆಯ ವಾದ. ನೀರು ಬದಲಾದದ್ದು ಕಾರಣ, ಟ್ಯಾಂಕರ್ ನೀರಿಗೆ ಈ ಬಡಾವಣೆಯ ಮನುಷ್ಯರ ಕೂದಲೇ ಉದುರುತ್ತಿದೆ ಎಂದು ಸೊಸೆ. ಸ್ಟ್ರೆಸ್ ಎಂದು ಮಗ. ಅವನಿಗೆ ಲೋಕದ ಎಲ್ಲ ರೋಗಕ್ಕೂ ಮೂಲ ಅದೇ. ಗಂಡನೇ ಇರಬೇಕು, ಅವನ ಕಣ್ಣೇ ಸರಿಯಿಲ್ಲ ಎಂದು ನನ್ನಾಕೆ.

ಪೀಣ್ಯದಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೂದಲು ನರೆಸಿದ ನನಗೆ ದೂರಿಗಿಂತ ಮೊದಲು ಅಳತೆ ಬೇಕು. ಒಂದೊಂದನ್ನೇ ತಳ್ಳಿಹಾಕುತ್ತ ಬಂದೆ. ಗರಿ ಉದುರಿ ಹೊಸದು ಬರುವ ಕಾಲವೇ? ಹಾಗಾದರೆ ಮೈಯೆಲ್ಲ ಸ್ವಲ್ಪ ಸ್ವಲ್ಪ ತೆಳುವಾಗಬೇಕು, ಒಂದೇ ಜಾಗ ಬೋಳಾಗಬಾರದು. ನುಸಿಗಳೇ? ಕೆಂಪು ನುಸಿ ಹಗಲು ಪಂಜರದ ಸಂದಿಯಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ. ಹಳೆಯ ಬಿಳಿ ಪಂಚೆಯೊಂದನ್ನು ರಾತ್ರಿ ಪಂಜರಕ್ಕೆ ಹೊದಿಸಿ, ಬೆಳಗಿನ ಜಾವ ಅದರ ಒಳಮಡಿಕೆಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಕೆಂಪು ಚುಕ್ಕಿ ಒಂದೂ ಇರಲಿಲ್ಲ. ಸಾಂಬಾರಿನ ಹಳೆಯ ಕಲೆ ಮಾತ್ರ ಇತ್ತು. ತಾನೇ ಕಿತ್ತುಕೊಂಡಿತೇ? ಗಿಳಿಗಳು ಬೇಸರಕ್ಕೆ ತಮ್ಮ ಎದೆಗರಿಯನ್ನು ತಾವೇ ಕಿತ್ತುಕೊಳ್ಳುವುದುಂಟು. ಆದರೆ ಯಾವ ಹಕ್ಕಿಯ ಕೊಕ್ಕೂ ತನ್ನ ನೆತ್ತಿಗೆ ಎಟುಕದು. ನೆತ್ತಿ, ಕತ್ತಿನ ಹಿಂಭಾಗ ಬೋಳಾಗಿ ಎದೆ, ರೆಕ್ಕೆ ನೆಟ್ಟಗಿದ್ದರೆ ಅಲ್ಲಿ ಇನ್ನೊಂದು ಕೊಕ್ಕು ಕೆಲಸ ಮಾಡಿದೆ ಎಂದೇ ಅರ್ಥ.

ಯಾರದು ಆ ಕೊಕ್ಕು? ಸಂಶಯವೆಲ್ಲ ರಾಕಿಯ ಮೇಲೆ. ಅವನ ನಡತೆಯೂ ಹಾಗೇ ಇತ್ತು. ಪಂಜರದಲ್ಲಿ ಎರಡು ಮಣ್ಣಿನ ಮಡಕೆ ಗೂಡುಗಳಿದ್ದವು, ಒಂದು ಮೇಲೆ, ಒಂದು ಕೆಳಗೆ. ಅಳತೆ ಒಂದೇ, ಬಾಯಿ ಒಂದೇ, ತಂದ ಅಂಗಡಿಯೂ ಒಂದೇ. ಆದರೂ ಎಲ್ಲರಿಗೂ ಮೇಲಿನದೇ ಬೇಕು. ಇದರಲ್ಲಿ ಆಶ್ಚರ್ಯವೇನಿಲ್ಲ, ಮಹಡಿ ಏರಿದ ಹಾಗೆ ಚದರಡಿಗೆ ಇಷ್ಟು ಹೆಚ್ಚು ಎಂದು ನಮ್ಮ ಬಿಲ್ಡರುಗಳೂ ವಸೂಲಿ ಮಾಡುವುದಿಲ್ಲವೇ. ಫಿಂಚುಗಳಲ್ಲಿ ಆ ದರವನ್ನು ಕೊಕ್ಕಿನಿಂದ ಪಾವತಿ ಮಾಡುತ್ತಾರೆ. ಮಡಕೆಯ ಬಾಯಲ್ಲಿ ನಿಂತು ರಾಕಿ ಹತ್ತಿರ ಬಂದವರನ್ನೆಲ್ಲ ಅಟ್ಟುತ್ತಿದ್ದ. ಕೊಕ್ಕಿಗೆ ಕೊಕ್ಕು ತಾಗಿ ಟಿಕ್ ಟಿಕ್ ಎನ್ನುತ್ತಿತ್ತು. ಆದರೆ ಅಟ್ಟುವುದೇ ಬೇರೆ, ಕೀಳುವುದೇ ಬೇರೆ. ಇಷ್ಟು ಗದ್ದಲದಲ್ಲಿ ಅವನ ಬಾಯಿಯಲ್ಲಿ ಒಂದು ಗರಿಯನ್ನೂ ನಾನು ಕಾಣಲಿಲ್ಲ.

ಕಂಡದ್ದು ಮಧ್ಯಾಹ್ನ ಎರಡರ ಸುಮಾರಿಗೆ, ಮನೆಯೆಲ್ಲ ತೂಕಡಿಸುವ ಹೊತ್ತಿನಲ್ಲಿ. ಚಿನ್ನಿ ಕಡ್ಡಿಯ ಮೇಲೆ ಕೂತು ನಿದ್ದೆಗೆ ಜಾರಿದ್ದಳು. ಸಾಧು ಅದೇ ಕಡ್ಡಿಯ ಮೇಲೆ ಅಂಗುಲ ಅಂಗುಲವಾಗಿ ಸರಿದು ಬಂದ. ಮೊದಲು ಅವಳ ಕತ್ತನ್ನು ಮೆಲ್ಲಗೆ ಸವರಿದ, ಜೊತೆಹಕ್ಕಿಗಳು ಪರಸ್ಪರ ಗರಿ ನೀವಿಕೊಳ್ಳುವ ಹಾಗೆಯೇ. ಅವಳು ಸುಖವಾಗಿ ತಲೆ ಬಾಗಿಸಿದಳು. ಒಂದೇ ಎಳೆತ. ಅವಳು ಚೀಂ ಎಂದು ಹಾರುವಷ್ಟರಲ್ಲಿ ಸಾಧು, ಕೊಕ್ಕಿನಲ್ಲಿ ಒಂದು ಎಳೆಗರಿಯನ್ನು ಅಡ್ಡ ಹಿಡಿದು, ಕೆಳಗಿನ ಮಡಕೆಯೊಳಗೆ ಮಾಯ. ಒಳಗೆ ಬೆಳ್ಳಿ ಕಾದಿದ್ದಳು. ಈ ಜಾತಿಯಲ್ಲಿ ಸಾಮಾನು ಹೊತ್ತು ತರುವುದು ಹೆಚ್ಚಾಗಿ ಗಂಡಿನ ಕೆಲಸ, ಒಪ್ಪವಾಗಿ ಜೋಡಿಸುವುದು ಹೆಣ್ಣಿನದು. ಮಡಕೆಯೊಳಗೆ ಇಣುಕಿದರೆ ಚಿನ್ನಿಯ ನೆತ್ತಿಯೆಲ್ಲ ಅಲ್ಲಿ ಮೆತ್ತೆಯಾಗಿತ್ತು.

ಇದನ್ನು ಕೇಳಿ ನನ್ನಾಕೆಗೆ ಬೇಸರವಾದದ್ದು ತನ್ನ ಊಹೆ ತಪ್ಪಿತೆಂದಲ್ಲ. ‘ಹೆಸರಿಡೋ ಮುಂಚೆ ಸ್ವಲ್ಪ ವಿಚಾರಿಸಬಾರದೇನ್ರೀ?’ ಎಂದಳು.

ಅಟ್ಟುವವನೇ ಕೀಳುವವನಲ್ಲ ಎಂಬುದು ಕೋಳಿ ಸಾಕುವವರಿಗೆ ಹಳೆಯ ಪಾಠ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲು ಕೀಳಿನ ಸಾಲು ಇರುತ್ತದೆಂದು ನಾರ್ವೆಯ ಶೆಲ್ಡರುಪ್-ಎಬ್ಬೆ ಎಂಬಾತ 1922ರಲ್ಲೇ ಬರೆದು ಪ್ರಕಟಿಸಿದ. ಬಾಲ್ಯದಿಂದಲೇ ಕೋಳಿಗೂಡಿನ ಮುಂದೆ ಕೂತು ನೋಡಿದವನಂತೆ ಆತ. ಆ ಕುಕ್ಕು ಅಧಿಕಾರದ ಮಾತು. ತಲೆಗೆ ಬೀಳುತ್ತದೆ, ಸಾಲು ಗೊತ್ತಾದ ಮೇಲೆ ಕಡಿಮೆಯಾಗುತ್ತದೆ. ಗರಿ ಕೀಳುವುದು ಅಧಿಕಾರಕ್ಕಲ್ಲ. ಕೆದಕಲು ನೆಲವಿಲ್ಲದ, ಮಾಡಲು ಕೆಲಸವಿಲ್ಲದ ಕೋಳಿ ಪಕ್ಕದವಳ ಪುಕ್ಕವನ್ನೇ ಕೆದಕತೊಡಗುತ್ತದೆ. ಮೇವಿನಲ್ಲಿ ಪ್ರೋಟೀನು ಸಾಲದಿದ್ದರೆ, ಬೆಳಕು ಕಣ್ಣು ಕುಕ್ಕುವಂತಿದ್ದರೆ, ಜಾಗ ಇಕ್ಕಟ್ಟಾದರೆ ಅದು ಜೋರಾಗುತ್ತದೆ. ಅದಕ್ಕೆ ದೊಡ್ಡ ಫಾರಂಗಳು ಕಂಡುಕೊಂಡ ಉಪಾಯ ಎಳೆಮರಿಯ ಕೊಕ್ಕಿನ ತುದಿಯನ್ನೇ ಸುಟ್ಟು ಕತ್ತರಿಸುವುದು. ಜಗಳ ನಿಲ್ಲಿಸಲು ಬಾಯಿ ಹೊಲಿಯುವ ಈ ಪದ್ಧತಿ ಬಹಳ ಕಡೆ ಚಾಲ್ತಿಯಲ್ಲಿದೆ, ಕೋಳಿಗಳಲ್ಲಿ ಮಾತ್ರವಲ್ಲ.

1980ರ ದಶಕದಲ್ಲಿ ನಾನಿದ್ದ ಪೀಣ್ಯದ ಕಾರ್ಖಾನೆಯಲ್ಲಿ ಇಬ್ಬರು ಫಿಟ್ಟರುಗಳಿಗೆ ಎಣ್ಣೆ ಸೀಗೆಕಾಯಿ. ಬೆಳಿಗ್ಗೆ ಕಾರ್ಡ್ ಪಂಚ್ ಮಾಡುವಾಗ ಶುರುವಾದರೆ ಸೈರನ್ ಕೂಗುವವರೆಗೆ. ಒಬ್ಬನನ್ನು ಬೇರೆ ಶಿಫ್ಟಿಗೆ ಹಾಕಿದರು. ಅವನ ಜಾಗಕ್ಕೆ ಬಂದವನೂ ವಾರದಲ್ಲಿ ಜಗಳಕ್ಕೆ ನಿಂತ. ಅವನನ್ನೂ ಬದಲಿಸಿದರು. ಕೊನೆಗೆ ಹಳೆಯ ಫೋರ್ಮನ್ ಒಬ್ಬರು ಸ್ಟೋರ್ಸಿಗೆ ಚೀಟಿ ಬರೆದು ಎರಡನೆಯ ಹೈಟ್ ಗೇಜ್ ತರಿಸಿದರು. ಇದ್ದ ಒಂದೇ ಗೇಜಿಗಾಗಿ ಇಬ್ಬರೂ ದಿನಾ ಕಾಯಬೇಕಿತ್ತು ಎಂಬುದನ್ನು ಅಷ್ಟು ಮೆಮೋ ಬರೆದವರಲ್ಲಿ ಯಾರೂ ಬರೆದಿರಲಿಲ್ಲ. ಆಮೇಲೆ ಆ ಇಬ್ಬರೂ ಒಟ್ಟಿಗೆ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು.

ಸಾಧುವಿಗೂ ರಾಕಿಗೂ ಮೆಮೋ ಕೊಡುವ ಬದಲು ಸ್ಟೋರ್ಸಿಗೇ ಚೀಟಿ ಬರೆದೆವು. ಮೊದಲು ಪಂಜರ. ಅಂಗಡಿಯಲ್ಲಿ ಸಿಗುವ ಗೋಪುರದಾಕಾರದ ಪಂಜರ ನೋಡುವವರ ಕಣ್ಣಿಗೆ ಚೆಂದ. ಫಿಂಚು ಹೆಲಿಕಾಪ್ಟರಿನಂತೆ ಮೇಲೆ ಕೆಳಗೆ ಹಾರುವುದಿಲ್ಲ, ಅಡ್ಡಡ್ಡಲಾಗಿ ಹಾರುತ್ತದೆ. ಅದಕ್ಕೆ ಬೇಕಾದದ್ದು ಎತ್ತರವಲ್ಲ, ಉದ್ದ. ವಾಷಿಂಗ್ ಮೆಷಿನ್ ಜಾಗ ಬದಲಿಸಬೇಕಾಯಿತು. ಅದರ ವಿವರ ಇಲ್ಲಿ ಬೇಡ. ಎರಡು ಜೊತೆಗೆ ನಾಲ್ಕು ಮಡಕೆ, ನಾಲ್ಕೂ ಒಂದೇ ಎತ್ತರದಲ್ಲಿ. ಕಾಳಿನ ಬಟ್ಟಲು ಎರಡು ಕಡೆ, ನೀರು ಎರಡು ಕಡೆ, ಒಂದನ್ನು ಕಾಯುತ್ತ ನಿಂತವನಿಗೆ ಇನ್ನೊಂದು ಕೈತಪ್ಪುವಂತೆ. ನಡುವೆ ಎಲೆಗಳ ಒಂದು ಮರೆ, ಅಟ್ಟಿಸಿಕೊಂಡವರು ಹೋಗಿ ಅವಿತುಕೊಳ್ಳಲು. ಸ್ನಾನಕ್ಕೊಂದು ಅಗಲ ತಟ್ಟೆ. ಮಿಂದು ಮೈ ಒಣಗಿಸಿಕೊಳ್ಳುವ ಹಕ್ಕಿಗೆ ಇನ್ನೊಬ್ಬರ ತಂಟೆಗೆ ಹೋಗಲು ಪುರುಸೊತ್ತಿರುವುದಿಲ್ಲ.

ಆಮೇಲೆ ಗೂಡಿನ ಸಾಮಾನು. ತೆಂಗಿನ ನಾರು ಮನೆಯಲ್ಲೇ ಇತ್ತು. ಗೋಣಿನಾರನ್ನು ಬೆರಳುದ್ದಕ್ಕೆ ಕತ್ತರಿಸಿಟ್ಟೆವು. ಉದ್ದ ಬಿಟ್ಟರೆ ಕಾಲಿಗೆ ಸುತ್ತಿಕೊಂಡು ಬಿಗಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಬಂದದ್ದು ಗರಿಕೆಗೆ. ಕಾಡುಗೋಡಿಯ ಹೂವಿನವಳ ಹತ್ತಿರ ದಿನಾ ಗರಿಕೆ ಕೊಳ್ಳಲು ಹೋದಾಗ, ‘ಸಂಕಷ್ಟಿ ಇವತ್ತಲ್ವಲ್ಲ ಸ್ವಾಮಿ?’ ಎಂದಳು. ಹಕ್ಕಿಗೆ ಅಂದೆ. ‘ಯಾವ ದೇವರಾದ್ರೇನು, ಇಪ್ಪತ್ತು ರೂಪಾಯಿ’ ಎಂದಳು. ಸಾಧು ಆ ಕಟ್ಟಿನ ಮೇಲೆ ಬಿದ್ದ ರೀತಿ ನೋಡಬೇಕಿತ್ತು. ಒಂದೊಂದೇ ಎಸಳನ್ನು ಎಳೆದು, ಕೊಕ್ಕಿನಲ್ಲಿ ಅಡ್ಡ ತಿರುಗಿಸಿ, ಮಡಕೆಯ ಬಾಯಿಗೆ ಸಿಕ್ಕಿಸಿ ಸೋತು, ಮತ್ತೆ ತುದಿ ಹಿಡಿದು ಒಳಗೆಳೆದು, ಸಂಜೆಯವರೆಗೆ ಅದೇ ಉದ್ಯೋಗ. ಚಿನ್ನಿಯ ಕಡೆ ತಿರುಗಿಯೂ ನೋಡಲಿಲ್ಲ.

ಸುಣ್ಣದ ಅಂಶಕ್ಕೆ ಸಮುದ್ರದ ನೊರೆ ಬೇಕು, ಅಂದರೆ ಕಪ್ಪೆಬೊಂಡಾಸಿನ ಜಾತಿಯ ಕಡಲಪ್ರಾಣಿಯೊಂದರ ಬೆನ್ನಿನ ಚಿಪ್ಪು. ಗ್ರಂಥಿಗೆ ಅಂಗಡಿಯಲ್ಲಿ ಸಿಕ್ಕಿತು. ನಮ್ಮ ಕಡೆಯವರಿಗೆ ನೊರೆ ಹೊಸದಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ಗಾಳಿಗೆ ಹಾರಿ ಬಂದು ಸ್ಕೂಟರಿನ ಮೇಲೇ ಕೂರುತ್ತಿತ್ತು. ಆದರೆ ಅದು ಫಿಂಚಿಗಾಗಲಿ ಮನುಷ್ಯರಿಗಾಗಲಿ ಆಗಿಬರುವಂಥದ್ದಲ್ಲ.

ತೊಡಕಾದದ್ದು ಮೊಟ್ಟೆ. ಗರಿ ಎಂದರೆ ಕೆರಾಟಿನ್ ಎಂಬ ಪ್ರೋಟೀನು. ಅದನ್ನು ಕಟ್ಟಲು ಗಂಧಕವಿರುವ ಅಮೈನೋ ಆಮ್ಲಗಳು ಬೇಕು, ಬರೀ ನವಣೆಯಲ್ಲಿ ಅವು ಸಾಲವು, ಬೇಯಿಸಿದ ಮೊಟ್ಟೆಯಲ್ಲಿ ಧಾರಾಳ. ನಮ್ಮದು ಮೊಟ್ಟೆ ಒಳಗೆ ಬರದ ಮನೆ. ಸರ್ಕಾರಿ ಶಾಲೆಯಲ್ಲಾದರೆ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಫಿಂಚಿಗೆ ಆ ಸವಲತ್ತಿಲ್ಲ. ‘ಈ ಮನೆಗೆ ಮೊಟ್ಟೆ ಬರೋದಾದ್ರೆ ಆ ಹಕ್ಕಿಗಳ ಹೊಟ್ಟೆಯಿಂದ್ಲೇ ಬರ್ಲಿ’ ಎಂದು ನನ್ನಾಕೆ ತೀರ್ಪು ಕೊಟ್ಟಳು. ಕೊನೆಗೆ ಗೇಟಿನ ಸೆಕ್ಯೂರಿಟಿಯವನ ಸ್ಟೌವಿನಲ್ಲಿ ಮೊಟ್ಟೆ ಬೇಯುವುದು, ಅದರ ಕಾಲು ಭಾಗ ಪುಡಿಯಾಗಿ ಕಾಗದದಲ್ಲಿ ನೇರ ಬಾಲ್ಕನಿಗೆ ಬರುವುದು, ಮುಕ್ಕಾಲು ಭಾಗ ಅವನಿಗೆ ಎಂಬ ಒಡಂಬಡಿಕೆಯಾಯಿತು. ಈಗ ಹಕ್ಕಿಗಳ ಆರೋಗ್ಯದ ಬಗ್ಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವನಷ್ಟು ಕಳಕಳಿಯಿಂದ ವಿಚಾರಿಸುವವರು ಬೇರಿಲ್ಲ.

ರಾಕಿಯ ವಿಷಯ ಉಳಿಯಿತು. ಮಗ ಅವನ ಕಾಲಿನ ಉಂಗುರದ ಮೇಲೆ ಅನುಮಾನಪಟ್ಟ. ಅಂಗಡಿಯವನು ಗುರುತಿಗೆಂದು ಅವನಿಗೆ ಕೆಂಪು, ಸಾಧುವಿಗೆ ಹಸಿರು ಪ್ಲಾಸ್ಟಿಕ್ ಉಂಗುರ ಹಾಕಿದ್ದ. ಅಮೆರಿಕದ ನ್ಯಾನ್ಸಿ ಬರ್ಲಿ ಎಂಬ ವಿಜ್ಞಾನಿ 1980ರ ದಶಕದ ಮೊದಲಲ್ಲಿ, ಕೆಂಪು ಉಂಗುರ ತೊಟ್ಟ ಗಂಡು ಫಿಂಚಿಗೆ ಹೆಣ್ಣುಗಳು ಮನಸೋಲುತ್ತವೆ, ಹಸಿರಿನವನ್ನು ಮೂಸುವುದಿಲ್ಲ ಎಂದು ತೋರಿಸಿದ್ದರು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲ ಸಲವೂ ಹಾಗೇ ಆಗಲಿಲ್ಲ. ಮಗನಿಗೆ ಮಾತ್ರ ನಂಬಿಕೆ ಬಂದಿತ್ತು. ಅವನ ಆಫೀಸಿನಲ್ಲಿ ಕಾಯಂ ನೌಕರರಿಗೊಂದು ಬಣ್ಣದ ಟ್ಯಾಗು, ಕಾಂಟ್ರ್ಯಾಕ್ಟಿನವರಿಗೊಂದು. ಕ್ಯಾಂಟೀನಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದು ಅದರಲ್ಲೇ ತೀರ್ಮಾನವಾಗುತ್ತದಂತೆ. ಉಂಗುರ ಬಿಚ್ಚಿಸಿದೆವು. ರಾಕಿಯ ಗತ್ತು ಉಂಗುರದಲ್ಲಿರಲಿಲ್ಲ.

ಅವನನ್ನು ಕೆಲವು ದಿನ ಹಳೆಯ ಪಂಜರಕ್ಕೆ ಹಾಕಿ, ಹೆಂಡತಿಯ ದನಿ ಕೇಳುವಷ್ಟು ಹತ್ತಿರದಲ್ಲೇ ಇಟ್ಟೆವು. ಅಷ್ಟರಲ್ಲಿ ಇಲ್ಲಿ ಮಡಕೆ, ಕಡ್ಡಿ, ಬಟ್ಟಲು ಎಲ್ಲದರ ಜಾಗ ಬದಲಿಸಿದೆವು. ಮರಳಿ ಬಂದಾಗ ಅವನಿಗೆ ತನ್ನ ಸೀಮೆ ಎಲ್ಲಿಂದ ಎಲ್ಲಿಗೆ ಎಂಬುದೇ ತಿಳಿಯಲಿಲ್ಲ. ಹೊಸ ಬಡಾವಣೆಗೆ ಬಂದವನಂತೆ ತಲೆ ತಗ್ಗಿಸಿ ಓಡಾಡಿದ. ಈಗಲೂ ಒಮ್ಮೊಮ್ಮೆ ಅಟ್ಟುತ್ತಾನೆ. ಅಷ್ಟೂ ಇಲ್ಲದಿದ್ದರೆ ಗಂಡುಫಿಂಚು ಎನ್ನಲು ಏನು ಗುರುತು?

ಇದರ ನಡುವೆ ‘ಬಿಟ್ಟುಬಿಡಿ ಸಾರ್, ಪುಣ್ಯ ಬರುತ್ತೆ’ ಎಂದವರಿಗೇನೂ ಬರವಿರಲಿಲ್ಲ. ತಲೆತಲಾಂತರದಿಂದ ಬಟ್ಟಲಿನಲ್ಲೇ ಕಾಳು ಕಂಡ ಹಕ್ಕಿಯನ್ನು ವೈಟ್‌ಫೀಲ್ಡಿನ ಕಾಗೆ, ಹದ್ದುಗಳ ಬಾಯಿಗೆ ಬಿಟ್ಟರೆ ಪುಣ್ಯ ಬರುವುದು ಕಾಗೆಗೆ ಮಾತ್ರ. ಹೊರಗಿನ ಬಾಳು ಜಗಳವಿಲ್ಲದ್ದೂ ಅಲ್ಲ. ಮಳೆಗಾಲದಲ್ಲಿ ಕೆರೆಯಂಚಿನ ಈಚಲುಮರಗಳಲ್ಲಿ ಗೀಜಗ ಗೂಡು ನೇಯುವುದನ್ನು ನೋಡಿ: ಪಕ್ಕದವನ ಅರೆಗೂಡಿನಿಂದ ಎಳೆ ಕದ್ದು ಹಾರುವ ಸಾಧುಗಳು ಅಲ್ಲೂ ಇದ್ದಾರೆ. ಕದಿಸಿಕೊಂಡವನಿಗೆ ಮಾತ್ರ ಇನ್ನೊಂದು ಕೊಂಬೆ, ಇನ್ನೊಂದು ಮರ ಇದೆ. ಸೋತವನು ಹಾರಿಹೋಗಬಹುದಾದ ಕಡೆ ಜಗಳ ಬೋಳುನೆತ್ತಿಯವರೆಗೆ ಬರುವುದಿಲ್ಲ. ಪಂಜರದ ದೋಷ ಅಲ್ಲಿ ಜಗಳ ಹುಟ್ಟುತ್ತದೆ ಎಂಬುದಲ್ಲ, ಅದಕ್ಕೆ ಮುಗಿಯಲು ಜಾಗವಿಲ್ಲ ಎಂಬುದು.

ಜಾಗದ ಮಾತಿಗೆ ಈ ಊರಿಗಿಂತ ಒಳ್ಳೆಯ ಸಾಕ್ಷಿ ಬೇಡ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಕೊಟ್ಟ ಸಾವಿರಾರು ಎಕರೆಯಲ್ಲಿ ಡಿ.ಎಸ್. ವೈಟ್ ಅವರ ಸಂಘದ ಆಂಗ್ಲೋ-ಇಂಡಿಯನ್ ಕುಟುಂಬಗಳು ತೋಟ ಮಾಡಿಕೊಂಡು ಇರಲೆಂದು ಕಟ್ಟಿದ ಊರು ಇದು. ಈಗ ಅದೇ ಊರಲ್ಲಿ ಒಂದು ಕಾರಿನ ಕನ್ನಡಿ ಪಕ್ಕದವರ ಪಾರ್ಕಿಂಗ್ ಗೆರೆ ದಾಟಿತೆಂದು ಸಭೆ ಕರೆಯುತ್ತಾರೆ.

ಬುಡಸಮೇತ ಕಿತ್ತ ಗರಿ ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ. ಅರ್ಧ ಮುರಿದದ್ದಾದರೆ ಮುಂದಿನ ಗರಿ ಉದುರುವ ಕಾಲದವರೆಗೆ ಕಾಯಬೇಕು. ಚಿನ್ನಿಯ ನೆತ್ತಿಯಲ್ಲಿ ಮೊದಲು ಬೂದು ಮುಳ್ಳುಗಳು ಎದ್ದವು, ಆಮೇಲೆ ಮುಳ್ಳಿನ ತುದಿ ಒಡೆದು ಕುಚ್ಚುಗಳಾದವು. ಮೊಮ್ಮಗಳು ಆಶೆಯಿಂದ ನನ್ನ ತಲೆಯನ್ನೂ ಪರೀಕ್ಷಿಸಿ ಕೈಬಿಟ್ಟಳು.

ಮೊನ್ನೆ ರಾತ್ರಿ ಊಟದ ಹೊತ್ತಿನಲ್ಲಿ ನಾನು ಈ ಕಥೆಯ ಸಾರವನ್ನು, ಅಂದರೆ ಇಬ್ಬರಿಗೆ ನಾಲ್ಕು ಮಡಕೆ ಕೊಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ ಎಂಬುದನ್ನು, ವಿವರಿಸುತ್ತಿದ್ದೆ. ಮೊಮ್ಮಗಳು ಗಮನವಿಟ್ಟು ಕೇಳಿದಳು. ‘ಹಾಗಾದ್ರೆ ಅಪ್ಪ, ನಂಗೂ ಪುಟ್ಟಂಗೂ ಯಾಕೆ ಒಂದೇ ರೂಮು?’ ಎಂದಳು. ಅವಳ ತಮ್ಮ ಆಗಷ್ಟೇ ಅವಳ ಜಡೆ ಎಳೆದು ಓಡಿದ್ದ. ಸೊಸೆ ಮಗನ ಮುಖ ನೋಡಿದಳು. ಮಗ ಫೋನಿನಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟುಗಳ ಬೆಲೆ ನೋಡಿ, ಫೋನನ್ನು ಬೋರಲು ಹಾಕಿ, ‘ಅಪ್ಪ, ಇನ್ಮೇಲೆ ಊಟದ ಹೊತ್ತಲ್ಲಿ ಹಕ್ಕಿ ವಿಷಯ ಬೇಡ’ ಎಂದ.